ಹಿಪ್ಪುನೇರಳೆ ಬಿಯರೂ ನನ್ನ ಮೂಗೂ

ಮಾರ್ಚ್ 11, ಮಂಗಳವಾರ

ನನ್ನ ಬರಹ ಕಾಗೆಕಾಲು ಗುಬ್ಬಿಕಾಲು. ಒತ್ತಕ್ಷರ ಬೇಕಾದ ಕಡೆ ಬರುವುದಿಲ್ಲ, ಕರೆಯದ ಕಡೆ ಬಂದು ಕೂರುತ್ತದೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಯಾರು ಹಾಕಿಕೊಳ್ಳಬೇಕೋ ಗೊತ್ತಿಲ್ಲ. ಇದನ್ನು ಓದುವವಳು ನಾನೊಬ್ಬಳೇ. ನಿನ್ನೆ ಬರೆದ ಅರ್ಧ ಪುಟ ನನಗೇ ಓದಲು ಬರದೆ ಹರಿದು ಹಾಕಿ ಇವತ್ತು ಹೊಸದಾಗಿ ಶುರು ಮಾಡಿದ್ದೇನೆ.

ಬರೆಯಲು ಕಾರಣ ಇದೆ. ನನಗೆ ಬಡ್ತಿ ಸಿಕ್ಕಿದೆ. ಅದನ್ನು ಯಾರಿಗಾದರೂ ಹೇಳಬೇಕು, ಹೇಳಲು ಬಾಯಿ ಏಳುವುದಿಲ್ಲ.

ನಾನು ಕೆಲಸಕ್ಕೆ ಹೋಗುವುದು ಬಿಯರ್ ಮಾಡುವ ಒಂದು ಸಣ್ಣ ಶೆಡ್ಡಿಗೆ. ಹಿಂದೆ ಅಲ್ಲಿ ಲಾರಿ ಟೈರುಗಳಿಗೆ ಪಂಕ್ಚರ್ ಹಾಕುತ್ತಿದ್ದರಂತೆ. ಈಗ ಎರಡು ಟ್ಯಾಂಕು, ಒಂದು ದೊಡ್ಡ ಹಂಡೆ, ನಾವು ನಾಲ್ಕು ಜನ: ಯಜಮಾನಿ, ಬಾರ್ಲಿ ಬೇಯಿಸುವ ಹಂಡೆಯಣ್ಣ, ಊರೆಲ್ಲ ಸುತ್ತಿ ಮಾರುವ ಮೀಸೆ, ಮತ್ತು ಪೀಪಾಯಿ ತೊಳೆಯುವ ನಾನು. ಪೀಪಾಯಿಗಳ ಜೊತೆ ಮಾತಾಡಬೇಕಾಗಿಲ್ಲ, ಅದಕ್ಕೇ ಆ ಕೆಲಸ ನನಗೆ ಒಗ್ಗಿತ್ತು. ಬಂದದ್ದು ಹೋದದ್ದು ತಿಳಿಯುವುದಿಲ್ಲವೆಂದು ಅಲ್ಲಿ ನನ್ನನ್ನು ಬೆಕ್ಕು ಎನ್ನುತ್ತಾರೆ. ನಿಜ ಹೇಳಬೇಕೆಂದರೆ ಬೆಕ್ಕು ನನಗಿಂತ ಹೆಚ್ಚು ಮಾತಾಡುತ್ತದೆ.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ. ಬಿಯರ್ ಹೊರಗೆ ಹೋಗುವ ಮೊದಲು ಮೇಜಿನ ಸುತ್ತ ಕೂತು ರುಚಿ ನೋಡುತ್ತಾರೆ. ಎಲ್ಲರಿಗಿಂತ ಚಿಕ್ಕವರು ಮೊದಲು ಮಾತಾಡಬೇಕು, ಯಜಮಾನಿ ಕೊನೆಗೆ. ದೊಡ್ಡವರು ಮೊದಲು ಬಾಯಿ ತೆರೆದರೆ ಉಳಿದವರು ಕೋಲೆಬಸವನ ಹಾಗೆ ತಲೆ ಆಡಿಸುತ್ತಾರೆ ಎಂದು ಅವರ ಲೆಕ್ಕ. ಇಷ್ಟು ದಿನ ಲೇಬಲ್ ಅಂಟಿಸುವ ಹುಡುಗಿ ಮೊದಲು ಮಾತಾಡುತ್ತಿದ್ದಳು. ಅವಳು ಮದುವೆಯಾಗಿ ಊರು ಬಿಟ್ಟಳು. ಈಗ ಚಿಕ್ಕವಳೆಂದರೆ ನಾನೇ, ಮೇಜಿನಲ್ಲಿ ಅವಳ ಕುರ್ಚಿ ನನ್ನದು. ಬಡ್ತಿ ಎಂದರೆ ಇದೇ.

ಋತುವಿಗೊಂದು ಹಣ್ಣಿನ ಬಿಯರ್ ಮಾಡುತ್ತೇವೆ. ಈ ವಸಂತಕ್ಕೆ ಹಿಪ್ಪುನೇರಳೆ. ಚಳಿಗಾಲದ ಕಿತ್ತಳೆ ಬಿಯರನ್ನು ಜನ ಅರ್ಧ ಗ್ಲಾಸು ಕುಡಿದು ಬಿಟ್ಟು ಎದ್ದು ಹೋಗಿದ್ದರು. "ಇದೂ ಹಾಗೇ ಆದ್ರೆ ಹಣ್ಣಿನ ಸಹವಾಸ ಸಾಕು, ಒಂದು ಟ್ಯಾಂಕ್ ಮಾರಿಬಿಡ್ತೀನಿ" ಎಂದಿದ್ದಾರೆ ಯಜಮಾನಿ. ಟ್ಯಾಂಕು ಅರ್ಧವಾದರೆ ತೊಳೆಯುವ ಪೀಪಾಯಿಯೂ ಅರ್ಧ, ತೊಳೆಯುವವಳೂ ಅರ್ಧ. ಅಷ್ಟು ಲೆಕ್ಕ ಐದನೇ ಕ್ಲಾಸಿನಲ್ಲೇ ಕಲಿಸಿದ್ದಾರೆ.

ಮಾರ್ಚ್ 14, ಶುಕ್ರವಾರ

ಮೊದಲ ಸಲ ಮೇಜಿಗೆ ಕೂತೆ. ಇನ್ನೂ ಹಣ್ಣು ಬಿದ್ದಿಲ್ಲ, ಬರೀ ಗೋಧಿಯ ಬಿಯರ್.

"ಹೇಳಮ್ಮ ಬೆಕ್ಕೇ" ಎಂದರು ಯಜಮಾನಿ.

ಮೂವರೂ ನನ್ನ ಬಾಯಿ ನೋಡಿದರು.

"ಚೆನ್ನಾಗಿದೆ" ಎಂದೆ.

"ಚೆನ್ನಾಗಿದೆ ಅನ್ನೋದು ರುಚಿ ಅಲ್ಲ ಕಣೇ, ಸಮಾಧಾನ. ಯಾವುದರ ಹಾಗಿದೆ?"

"ಬಿಯರ್ ಹಾಗೆ."

ಹಂಡೆಯಣ್ಣ ಗ್ಲಾಸಿನೊಳಗೆ ಮುಖ ಅಡಗಿಸಿಕೊಂಡರು. ಮೀಸೆ, "ಭಾರಿ ಪತ್ತೆ ಹಚ್ಚಿದ್ಳು! ನಾವು ಇಷ್ಟು ವರ್ಷ ಹಾಲು ಅಂದ್ಕೊಂಡಿದ್ವಿ" ಎಂದ.

ಅದರಲ್ಲಿ ಬಾಳೆಹಣ್ಣಿನ ವಾಸನೆ ಇತ್ತು. ಬಿಯರಿನಲ್ಲಿ ಬಾಳೆಹಣ್ಣು ಎಂದರೆ ನಗುತ್ತಾರೆಂದು ನುಂಗಿಕೊಂಡಿದ್ದೆ. ಕೊನೆಗೆ ಯಜಮಾನಿಯೇ ಹೇಳಿದರು, "ಬಾಳೆಹಣ್ಣಿನ ವಾಸನೆ ಬಂದಿದೆ, ಗೋಧಿಗೆ ಸರಿಯಾಗಿ ಹುದುಗು ಬಂದಿದೆ" ಎಂದು. ಇಬ್ಬರೂ ಹೌದು ಹೌದು ಎಂದರು. ನಾನೂ ಹೌದು ಎಂದೆ. ಯಾರಿಗೂ ಕೇಳಿಸಲಿಲ್ಲ.

ಮಾರ್ಚ್ 18, ಮಂಗಳವಾರ

ನೆಗಡಿ. ನಾನಿರುವುದು ಅಣ್ಣನ ಮನೆಯಲ್ಲಿ. ಅಣ್ಣನಿಗೆ ಬಂತು, ಅತ್ತಿಗೆಗೆ ಕೊಟ್ಟ, ಅತ್ತಿಗೆ ನನಗೆ ಕೊಟ್ಟಳು. ಈ ಮನೆಯಲ್ಲಿ ಯಾವುದನ್ನೂ ಒಬ್ಬರೇ ಇಟ್ಟುಕೊಳ್ಳುವುದಿಲ್ಲ.

ಮಾರ್ಚ್ 24, ಸೋಮವಾರ

ನೆಗಡಿ ಹೋಗಿ ಮೂರು ದಿನ ಆಯಿತು. ಇವತ್ತು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತಿದ್ದೆ. ಅತ್ತಿಗೆ ಮಹಡಿಯಿಂದ ಒಣಗಿದ ಬಟ್ಟೆ ಹೊತ್ತುಕೊಂಡು ಬಂದವಳು ಬಾಗಿಲಲ್ಲೇ ಕೂಗಿದಳು.

"ಅಯ್ಯೋ ಹಾಲು! ಸೀದು ಕರಕಲಾಗಿದೆ, ಬೀದಿ ತನಕ ನಾತ, ಪಕ್ಕದಲ್ಲೇ ಕೂತಿದ್ದೀಯಲ್ಲೇ! ಮೂಗು ಅಡ ಇಟ್ಟಿದ್ದೀಯಾ?"

ತಿರುಗಿ ನೋಡಿದೆ. ಪಾತ್ರೆಯಿಂದ ಹೊಗೆ ಏಳುತ್ತಿತ್ತು. ನನಗೆ ಏನೂ ಬರಲಿಲ್ಲ. ಪಾತ್ರೆಗೆ ಮೂಗು ತಾಗಿಸಿದೆ. ಮೂಗಿನ ತುದಿ ಸುಟ್ಟಿತು, ಅಷ್ಟೇ.

ಮಾರ್ಚ್ 25, ಮಂಗಳವಾರ

ಮನೆಯಲ್ಲಿರುವುದನ್ನೆಲ್ಲ ಮೂಸಿ ನೋಡಿದೆ. ಸೋಪು, ಸೀಮೆಎಣ್ಣೆ, ಬೆಳ್ಳುಳ್ಳಿ, ವಿನಿಗರ್, ಅತ್ತಿಗೆಯ ತಲೆನೋವಿನ ಮುಲಾಮು. ಯಾವುದೂ ಬಾಗಿಲು ತೆರೆಯಲಿಲ್ಲ. ಕೊನೆಯ ಆಸೆ ಎಂದು ಅಣ್ಣನ ಕಾಲುಚೀಲ ಎತ್ತಿಕೊಂಡೆ. ಅದೂ ಕೈಕೊಟ್ಟಿತು. ಅದೇ ಹೊತ್ತಿಗೆ ಅಣ್ಣ ಒಳಗೆ ಬಂದ. ಕಾಲುಚೀಲವನ್ನು ಮುಖಕ್ಕೆ ಒತ್ತಿಕೊಂಡು ನಿಂತ ತಂಗಿಯನ್ನು ನೋಡಿ, ಏನೂ ಕೇಳದೆ ಹೊರಟುಹೋದ. ಒಳ್ಳೆಯವನು.

ನಾಲಿಗೆಗೆ ಸಿಹಿ, ಹುಳಿ, ಉಪ್ಪು, ಕಹಿ ಗೊತ್ತಾಗುತ್ತದೆ. ಅದರಾಚೆ ಎಲ್ಲ ಒದ್ದೆ ಬಟ್ಟೆ ಅಗಿದ ಹಾಗೆ.

ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಬರುತ್ತೆ, ಕಾಯಬೇಕು" ಎಂದರು. ಯಾವಾಗ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಬಾಗಿಲ ಹೊರಗೆ ಬಂದ ಮೇಲೆ ಗೋಡೆಯನ್ನು ಕೇಳಿದೆ.

ಕತ್ತೆಗೆ ಗೊತ್ತೇ ಕಸ್ತೂರಿ ಪರಿಮಳ ಎನ್ನುತ್ತಾರೆ. ಕತ್ತೆಗೆ ಕಡೇ ಪಕ್ಷ ಒಂದು ಮೂಗಿದೆ. ಯಜಮಾನಿಗೆ ಹೇಳಿಬಿಡಲೇ? ಹೇಳಿದರೆ ಮತ್ತೆ ಬರೀ ಪೀಪಾಯಿ. ಮೇಜಿನ ಕುರ್ಚಿಗೆ ಒಂದು ದಿನವಷ್ಟೇ ಕೂತಿದ್ದೆ, ಅದೂ ನಗೆಪಾಟಲಾಗಿ. ಆದರೂ ಆ ಕುರ್ಚಿ ಬಿಡಲು ಮನಸ್ಸಿಲ್ಲ. ನನಗೂ ಇಂಥ ಆಸೆಗಳಿವೆಯೆಂದು ಇವತ್ತೇ ಗೊತ್ತಾದದ್ದು.

ಏಪ್ರಿಲ್ 2, ಬುಧವಾರ

ಹಣ್ಣು ಬಂತು. ತಂದವರು ಹಣ್ಣಿನಜ್ಜಿ, ಮರಗಳೂ ಅವರವೇ. ಹಿಪ್ಪುನೇರಳೆ ಮುಟ್ಟಿದರೆ ಒಡೆಯುತ್ತದೆ, ಸಂಜೆಯೊಳಗೆ ಟ್ಯಾಂಕಿಗೆ ಬೀಳಬೇಕು. ನಾಲ್ವರೂ ಕೂತು ತೊಟ್ಟು ಬಿಡಿಸಿದೆವು. ಕೈ, ಮೊಣಕೈ, ಮೀಸೆಯ ಮೀಸೆ, ಎಲ್ಲ ನೇರಳೆ. "ಎಂಥಾ ಘಮ!" ಎಂದು ಮೂವರೂ ಕಣ್ಣು ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ.

ನಾಡಿದ್ದು ಮೇಜು. ಮೊದಲ ಮಾತು ನನ್ನದು. ಕೊನೆಯವಳಾಗಿದ್ದರೆ ಯಾರದಾದರೂ ಮಾತಿಗೆ ಜೋತು ಬೀಳಬಹುದಿತ್ತು. ಬೇರೆ ದಾರಿ ಕಾಣದೆ, ಖಾಲಿ ಬುಟ್ಟಿ ಗಾಡಿಗೆ ಏರಿಸುತ್ತಿದ್ದ ಹಣ್ಣಿನಜ್ಜಿಯ ಹಿಂದೆ ಹೋಗಿ ನಿಂತೆ. ನಿಂತೇ ಇದ್ದೆ. ಅವರು ತಿರುಗಿ ಬೆಚ್ಚಿಬಿದ್ದರು.

"ಏನ್ ಮಗಾ?"

"ಅಜ್ಜಿ, ಇದರ ವಾಸನೆ ಹೇಗಿರುತ್ತೆ?"

"ಕೈ ತುಂಬ ಅದೇ ಮೆತ್ಕೊಂಡು ನನ್ನ ಕೇಳ್ತೀಯಲ್ಲ. ಮೂಸಿ ನೋಡು."

"ನೋಡಿದೆ. ನಿಮಗೆ ಹೇಗನ್ಸುತ್ತೆ ಅಂತ."

ಅಜ್ಜಿ ಬುಟ್ಟಿ ಕೆಳಗಿಟ್ಟರು. "ಇಷ್ಟು ವರ್ಷದಲ್ಲಿ ಬೆಲೆ ಕೇಳಿದೋರು ಇದ್ದಾರೆ, ಇದನ್ನ ಯಾರೂ ಕೇಳಿರ್ಲಿಲ್ಲ" ಎಂದರು. "ಮಳೆ ನಿಂತ ಮೇಲೆ ಕಬ್ಬಿಣದ ಗೇಟು ಹಿಡ್ಕೊಂಡ್ರೆ ಕೈಗೆ ಅಂಟುತ್ತಲ್ಲ, ಆ ವಾಸನೆ. ಅದರ ಮೇಲೆ ಒಂಚೂರು ಸಕ್ಕರೆ ಉದುರಿಸಿದ ಹಾಗೆ. ನಮ್ಮ ಯಜಮಾನ್ರು ನನ್ನ ನೋಡೋಕೆ ಬಂದಾಗ ಅಂಥಾ ಗೇಟು ಹಿಡ್ಕೊಂಡೇ ನಿಂತಿದ್ದೆ. ಬಿಡಲೇ ಇಲ್ಲ, ಅವರೇ ಬಂದು ಬಿಡಿಸ್ಬೇಕಾಯ್ತು."

ನಗುತ್ತಾ ಗಾಡಿ ಏರಿದವರು ಇಳಿದು ಬಂದು ಇನ್ನೂ ಎರಡು ಕಥೆ ಹೇಳಿ ಹೋದರು. ಗೇಟು ಮತ್ತು ಸಕ್ಕರೆ ಇಷ್ಟು ಮಾತ್ರ ಬಾಯಿಪಾಠ ಮಾಡಿಕೊಂಡಿದ್ದೇನೆ.

ಏಪ್ರಿಲ್ 4, ಶುಕ್ರವಾರ

ಹೇಳಿದೆ. ಗ್ಲಾಸು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಒಪ್ಪಿಸಿದೆ: "ಮಳೆ ನಿಂತ ಮೇಲೆ ಕಬ್ಬಿಣದ ಗೇಟು ಹಿಡಿದ ಕೈ. ಮೇಲೊಂದು ಚೂರು ಸಕ್ಕರೆ."

ಮೂರು ಗ್ಲಾಸುಗಳೂ ಮೂಗಿನ ಹತ್ತಿರ ಹೋದವು. ಸಿಕ್ಕಿಬಿದ್ದೆ ಎಂದುಕೊಂಡೆ.

ಹಂಡೆಯಣ್ಣ ಮತ್ತೊಮ್ಮೆ ಮೂಸಿದರು. "ಹೌದಲ್ಲಾ! ಗೇಟೇ! ನಾನು ಕಬ್ಬಿಣ ಅಂತ ಅಂದ್ಕೊಂಡೆ, ಗೇಟು ಅಂತ ಹೊಳೀಲಿಲ್ಲ."

"ಬೆಕ್ಕಮ್ಮಾ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ ಈ ಮೂಗನ್ನ?" ಎಂದ ಮೀಸೆ.

ಎಲ್ಲಿ ಬಚ್ಚಿಟ್ಟಿದ್ದೇನೋ ಅದನ್ನೇ ಹುಡುಕುತ್ತಿದ್ದೇನೆ ಎನ್ನಬೇಕೆನಿಸಿತು. ಯಜಮಾನಿ ನನ್ನ ಗ್ಲಾಸಿಗೆ ಇನ್ನೊಂದು ಸ್ವಲ್ಪ ಸುರಿದರು. ಮೂಗಿದ್ದಾಗ ಬಾಯಿ ಇರಲಿಲ್ಲ, ಬಾಯಿ ಬಂದಾಗ ಮೂಗಿಲ್ಲ. ಎರಡನ್ನೂ ಒಟ್ಟಿಗೆ ಕೊಟ್ಟರೆ ಕೆಡುತ್ತೇನೆಂದು ದೇವರಿಗೆ ಅನುಮಾನ ಇರಬೇಕು.

ಏಪ್ರಿಲ್ 9, ಬುಧವಾರ

ಮುಂದಿನ ಮೇಜಿಗೆ ಸರಕು ಬೇಕು. ಒಬ್ಬರ ಮಾತನ್ನೇ ಎರಡು ಸಲ ಹೇಳಲಾಗುವುದಿಲ್ಲ. ಹಣ್ಣಿನಜ್ಜಿಯಿಂದ ಒಂದು ಹಿಡಿ ಹೊಸ ಹಣ್ಣು ತಂದು ಡಬ್ಬಿಯಲ್ಲಿ ಇಟ್ಟುಕೊಂಡು ಸಿಕ್ಕಸಿಕ್ಕವರ ಮೂಗಿಗೆ ಹಿಡಿಯುತ್ತಿದ್ದೇನೆ. ನಾಚಿಕೆಗೇಡು.

ಕೆಳಗಿನ ಮನೆಯ ದರ್ಜಿ ಹೊಲಿಗೆ ನಿಲ್ಲಿಸಿ ಮೂಸಿ, "ನಮ್ಮಮ್ಮನ ಮರದ ಪೆಟ್ಟಿಗೆ. ತೆಗೆದ ತಕ್ಷಣ ಬರೋದು" ಎಂದರು. ಆಮೇಲೆ ಅವರಮ್ಮನ ಬಗ್ಗೆ ಹೇಳುತ್ತಾ ಕೂತರು, ನಾನು ಕೇಳುತ್ತಾ ಕೂತೆ, ಅಂಗಿ ಕೇಳಲು ಬಂದವರು ನಿಂತರು. ಬಸ್ಸಿನ ಕಂಡಕ್ಟರ್, "ಹೊಸ ಟಿಕೆಟ್ ಬಂಡಲ್ ಬಿಚ್ಚಿದಾಗ ಬರೋ ಇಂಕು. ಅದಕ್ಕೆ ಜೇನು ಬಿದ್ದಂಗೆ" ಎಂದ. ಹಿಂದಿನ ಸೀಟಿನ ಹೆಂಗಸು, "ಇಂಕೂ ಇಲ್ಲ ಮಣ್ಣೂ ಇಲ್ಲ, ಬಿಸಿಲಲ್ಲಿ ಗಿಡದ ಕೆಳಗೆ ಬಿದ್ದ ಹಣ್ಣು, ಪಕ್ಕದಲ್ಲಿ ಒಣ ಹುಲ್ಲು. ಇತ್ಲಾಗ್ ಕೊಡ್ರೀ" ಎಂದು ಡಬ್ಬಿ ಕಸಿದುಕೊಂಡರು. ಡಬ್ಬಿ ಬಸ್ಸಿನ ಕೊನೆಯ ಸೀಟಿನವರೆಗೂ ಹೋಗಿ ಬರೀ ತೊಟ್ಟುಗಳೊಂದಿಗೆ ವಾಪಸು ಬಂತು.

ಇಳಿದ ಮೇಲೆ ಗಂಟಲು ಒಣಗಿತ್ತು. ಸುಳ್ಳು ಕಾಪಾಡಿಕೊಳ್ಳುವುದು ಪೀಪಾಯಿ ತೊಳೆಯುವುದಕ್ಕಿಂತ ಕಷ್ಟದ ಕೆಲಸ.

ಏಪ್ರಿಲ್ 14, ಸೋಮವಾರ

ದರ್ಜಿಯ ಪೆಟ್ಟಿಗೆಯನ್ನೂ ಕಂಡಕ್ಟರನ ಇಂಕು ಜೇನನ್ನೂ ಒಂದೇ ಉಸಿರಿಗೆ ಹೇಳಿದೆ. ಮೀಸೆ ಕುಣಿದುಬಿಟ್ಟ. ಇಂಕು ಜೇನು ಲೇಬಲ್ ಮೇಲೆ ಬರಬೇಕಂತೆ, ನಾಳೆಯೇ ಅಚ್ಚಿಗೆ ಕೊಡುತ್ತಾನಂತೆ. ಹಂಡೆಯಣ್ಣ ಈ ಸಲ ಮೂಸುವ ಮೊದಲೇ, "ಬೆಕ್ಕು ಹೇಳಿದ ಮೇಲೆ ಇನ್ನೇನಿದೆ" ಎಂದರು.

ಸಂಜೆ ಅತ್ತಿಗೆ ಬೈದಳು. "ಹಾಲಿಗೆ ಹೋದೋಳು ಒಂದು ಗಂಟೆ ಆದ್ರೂ ಬರ್ಲಿಲ್ಲ. ಮೆಟ್ಟಿಲ ಮೇಲೆ ದರ್ಜಿ ಹೆಂಡ್ತಿ ಜೊತೆ ಏನೇ ಅಷ್ಟು ಮಾತು? ಮೊದಲು ನಿನ್ನ ಬಾಯಿ ತೆಗೆಸೋಕೆ ಚಮಚ ಬೇಕಿತ್ತು. ಈಗ ಬೀಗ ಬೇಕು."

ಅತ್ತಿಗೆಗೆ ಎಲ್ಲವನ್ನೂ ದೊಡ್ಡದು ಮಾಡುವ ಅಭ್ಯಾಸ.

ಏಪ್ರಿಲ್ 17, ಗುರುವಾರ

ಹಣ್ಣಿದ್ದ ಟ್ಯಾಂಕಿನಿಂದ ಬಿಯರನ್ನು ಎರಡನೇ ಟ್ಯಾಂಕಿಗೆ ಬಿಡುವ ಕೆಲಸ. ಹಳೆಯ ಪೈಪು ಸೀಳಿತ್ತು, ಹೊಸದು ತಂದಿದ್ದರು. ಹೊಸ ಪೈಪಿಗೆ ರಬ್ಬರಿನ ವಾಸನೆ ಇರುತ್ತದೆ, ಅದು ಹೋಗುವ ತನಕ ಬಿಸಿನೀರು ಬಿಡಬೇಕು ಎಂದರು ಹಂಡೆಯಣ್ಣ. ಬಿಟ್ಟೆ. ಮೂಸಿದೆ. ಹೋಗಿತ್ತು. ಇಷ್ಟು ಬೇಗ ಹೋಯಿತಲ್ಲ, ಒಳ್ಳೆಯ ಪೈಪು ಎಂದುಕೊಂಡೆ. ಅರ್ಧ ಟ್ಯಾಂಕು ಇಳಿಯುವಷ್ಟರಲ್ಲಿ ಸಂಜೆಯಾಯಿತು. ಉಳಿದದ್ದು ನಾಡಿದ್ದು ಎಂದು ಬಿಯರ್ ತುಂಬಿದ ಪೈಪನ್ನು ಹಾಗೇ ಬಿಟ್ಟು ಬಂದೆವು.

ಏಪ್ರಿಲ್ 18, ಶುಕ್ರವಾರ

ಮೇಲಿನದನ್ನು ಇನ್ನೊಂದು ಸಲ ಓದಿಕೊಂಡೆ. ನನ್ನನ್ನು ಕತ್ತೆಗೆ ಹೋಲಿಸಿಕೊಂಡಿದ್ದಕ್ಕೆ ಕತ್ತೆಯ ಕ್ಷಮೆ ಕೇಳಬೇಕೆನಿಸಿದೆ.

ಇವತ್ತು ಕೊನೆಯ ಮೇಜು. ಇಲ್ಲಿ ಒಪ್ಪಿದರೆ ನಾಳೆ ಪೀಪಾಯಿಗೆ, ಆಮೇಲೆ ಅಂಗಡಿಗಳಿಗೆ. ಯಜಮಾನಿ ಎರಡನೇ ಟ್ಯಾಂಕಿನಿಂದ ನಾಲ್ಕು ಗ್ಲಾಸು ಹಿಡಿದು ತಂದರು. ಬಣ್ಣ ಎಷ್ಟು ಚೆಂದವಿತ್ತು! ಸಂಜೆಯ ಆಕಾಶವನ್ನು ಸೋಸಿ ತುಂಬಿದ ಹಾಗೆ, ಮೇಲೆ ಗುಲಾಬಿ ನೊರೆ. ನಾನು ಬಸ್ಸಿನ ಹೆಂಗಸಿನಿಂದ ಕಡ ತಂದ ಮಾತು ಒಪ್ಪಿಸಿದೆ: "ಮಧ್ಯಾಹ್ನ ಬಿಸಿಲಲ್ಲಿ ಗಿಡದ ಕೆಳಗೆ ಬಿದ್ದ ಹಣ್ಣು, ಪಕ್ಕದಲ್ಲಿ ಒಣಗಿದ ಹುಲ್ಲು."

ಮೀಸೆ ಗ್ಲಾಸಿಗೆ ಬಗ್ಗಿದ. ಅವನ ಮೀಸೆ ಕುಣಿಯುವುದು ನಿಲ್ಲಿಸಿತು. ನನ್ನನ್ನು ನೋಡಿದ, ಗ್ಲಾಸು ನೋಡಿದ. "ಹೂಂ, ಬೆಕ್ಕಮ್ಮ ಹೇಳಿದ್ದೇ. ಹುಲ್ಲು. ಬಿಸಿಲು" ಎಂದ.

ಹಂಡೆಯಣ್ಣ ಮೂಸಿದರು. ಮೂಗು ಉಜ್ಜಿಕೊಂಡು ಮತ್ತೆ ಮೂಸಿದರು. "ನನಗೆ ವಯಸ್ಸಾಯ್ತು ಅನ್ಸುತ್ತೆ. ಬೆಕ್ಕು ಹೇಳಿದ್ದೇ ಇರ್ಬೇಕು."

ಯಜಮಾನಿ ಒಂದು ಗುಟುಕು ಕುಡಿದರು. ಮೂಗಿನ ಹೊಳ್ಳೆ ಚಿಕ್ಕದಾಯಿತು, ಯಾರೋ ಕಣ್ಣಿಗೆ ನಿಂಬೆ ಹಿಂಡಿದ ಹಾಗೆ. ಗ್ಲಾಸು ಇಟ್ಟರು. "ಸರಿ ಹಾಗಾದ್ರೆ. ನಾಳೆ ತುಂಬಿ" ಎಂದರು.

ಮೂಗು ಕೆಟ್ಟ ಮೇಲೆ ನಾನು ಜನರ ಮುಖವನ್ನೇ ನೋಡುತ್ತಿದ್ದೇನೆ. ಹಣ್ಣಿನ ಡಬ್ಬಿ ಹಿಡಿದಾಗ ಮುಖ ಹೇಗೆ ಸಡಿಲವಾಗುತ್ತದೆಂದು ಎಷ್ಟೋ ಜನರಲ್ಲಿ ಕಂಡಿದ್ದೇನೆ. ಇವು ಆ ಮುಖಗಳಲ್ಲ. ಇವು ಸೀದ ಹಾಲಿನ ಮುಖಗಳು.

ಸುಮ್ಮನಿರು, ನಿನಗೆ ಬರುವ ಕೆಲಸ ಅದೊಂದೇ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಕುರ್ಚಿ ಕಿರ್ರೆಂದಿತು. ನೋಡಿದರೆ ನಾನು ಎದ್ದು ನಿಂತಿದ್ದೆ.

"ತುಂಬಬೇಡಿ" ಎಂದೆ.

"ಯಾಕೆ?"

"ನನಗೆ ಮೂಗಿಲ್ಲ."

ಮೀಸೆ ನನ್ನ ಮುಖ ನೋಡಿ, "ಇದೆಯಲ್ಲ" ಎಂದ.

"ಇದೆ. ಕೆಲಸ ಮಾಡಲ್ಲ. ನೆಗಡಿ ಬಂದ ಮೇಲೆ ಏನೂ ವಾಸನೆ ಬರ್ತಿಲ್ಲ."

"ಮತ್ತೆ ಆ ಕಬ್ಬಿಣದ ಗೇಟು?"

"ಹಣ್ಣಿನಜ್ಜೀದು."

"ಮರದ ಪೆಟ್ಟಿಗೆ?"

"ಕೆಳಗಿನ ಮನೆ ದರ್ಜೀದು."

"ಇಂಕು ಜೇನು? ಅದನ್ನ ಲೇಬಲ್ ಮೇಲೆ ಅಚ್ಚು ಹಾಕಿಸಿಬಿಟ್ಟಿದ್ದೀನಲ್ಲೇ ಮಾರಾಯ್ತಿ!"

"ಅದು ಬಸ್ ಕಂಡಕ್ಟರ್ ಹೇಳಿದ್ದು."

ಮೀಸೆ ತಲೆಯ ಮೇಲೆ ಕೈ ಹೊತ್ತು ಕೂತ. ಯಜಮಾನಿಯ ಮುಖ ನೋಡುವ ಧೈರ್ಯ ಇರಲಿಲ್ಲ. ಹಂಡೆಯಣ್ಣನ ಕಡೆ ತಿರುಗಿದೆ. "ನೀವು ನಿಜ ಹೇಳಿ ಅಣ್ಣ. ನನ್ನ ಮಾತು ಬಿಡಿ. ಈಗ ನಿಮಗೇನು ವಾಸನೆ ಬಂತು?"

ಅವರು ಅಪರಾಧಿಯ ಹಾಗೆ ಪಿಸುಗುಟ್ಟಿದರು. "ರಬ್ಬರ್ ಕಣಮ್ಮ. ಹಳೇ ಟೈರ್ ಅಂಗಡಿ ಗೋಡೆಯಿಂದ ಎದ್ದು ಬಂತೇನೋ ಅಂದ್ಕೊಂಡೆ."

"ನನಗೂ!" ಎಂದ ಮೀಸೆ. "ನನ್ನ ಹೊಸ ಶೂ ವಾಸನೆ ಅಂದ್ಕೊಂಡು ಕಾಲು ಒಳಗೆಳ್ಕೊಂಡೆ."

ಎಲ್ಲರೂ ಯಜಮಾನಿಯನ್ನು ನೋಡಿದೆವು. "ನನಗೂ ಬಂತು" ಎಂದರು. "ಬೆಕ್ಕಿಗೇ ಬರದ ವಾಸನೆ ನನಗೆ ಬಂದ್ರೆ, ಕೆಟ್ಟಿರೋದು ನನ್ನ ಮೂಗೇ ಅಂದ್ಕೊಂಡೆ."

ಹಂಡೆಯಣ್ಣ ಎದ್ದು ಹೋಗಿ ಪೈಪಿನ ತುದಿ ಮೂಸಿ, ಹಾವು ಮುಟ್ಟಿದವರ ಹಾಗೆ ಕೈಬಿಟ್ಟರು.

"ಈ ಪೈಪ್ ತೊಳೆದವರು ಯಾರು?" ಯಜಮಾನಿ ಕೇಳಿದರು.

ನನ್ನ ಕೈ ಶಾಲೆಯಲ್ಲಿ ಎತ್ತುವ ಹಾಗೆ ಮೇಲೆದ್ದಿತು. ಶಾಲೆಯಲ್ಲಿ ಎಂದೂ ಎತ್ತಿರಲಿಲ್ಲ.

ಎರಡನೇ ಟ್ಯಾಂಕಿಗೆ ಇಳಿದಿದ್ದ ಅರ್ಧ ಬಿಯರನ್ನು ಚರಂಡಿಗೆ ಬಿಟ್ಟೆವು. ಯಜಮಾನಿ ಬೈದಿದ್ದರೆ ಚೆನ್ನಾಗಿತ್ತು. ಸುಮ್ಮನೆ ನಿಂತು, ಬೀದಿಯ ಕೊನೆಯವರೆಗೆ ನೇರಳೆ ಬಣ್ಣ ಹರಿಯುವುದನ್ನು ನೋಡಿದರು. ನಮ್ಮ ಬೀದಿಯ ಚರಂಡಿಗೆ ಇಷ್ಟು ಚೆಂದದ ವಸಂತ ಹಿಂದೆ ಬಂದಿರಲಿಕ್ಕಿಲ್ಲ. ತಂದವಳು ನಾನು.

ಏಪ್ರಿಲ್ 19, ಶನಿವಾರ

ಕೆಲಸ ಹೋಯಿತೆಂದು ನನ್ನ ಬೂಟು, ಏಪ್ರನ್ನು ತರಲು ಹೋದೆ. ಯಜಮಾನಿ ಕರೆದರು.

"ತಪ್ಪು ಮುಕ್ಕಾಲು ಪಾಲು ನಿನ್ನದು. ಕಾಲು ಪಾಲು ನಮ್ದು. ದೊಡ್ಡೋರ ಹಿಂದೆ ಯಾರೂ ತಲೆ ಆಡಿಸಬಾರದು ಅಂತ ಈ ಪದ್ಧತಿ ಮಾಡ್ಕೊಂಡೆ. ಕೊನೆಗೆ ಮೂರು ಜನ ದೊಡ್ಡೋರು ಒಬ್ಬ ಚಿಕ್ಕೋಳ ಹಿಂದೆ ತಲೆ ಆಡಿಸಿದ್ವಿ. ಮೊದಲೇ ಯಾಕೆ ಹೇಳಲಿಲ್ಲ?"

"ಕುರ್ಚಿ ಹೋಗುತ್ತೆ ಅಂತ ಅಕ್ಕಾ."

"ಕುರ್ಚಿ ಅಲ್ಲೇ ಇದೆ. ಹೊಸ ಪೈಪ್ ಮುಟ್ಟಬೇಡ, ಅಷ್ಟೇ."

ಅಷ್ಟಕ್ಕೆ ಮುಗಿಯಿತೆಂದು ತಿರುಗಿದೆ. ಮುಗಿದಿರಲಿಲ್ಲ. ಇನ್ನೊಂದು ಶಿಕ್ಷೆ ಇತ್ತು. ಟ್ಯಾಂಕಿನಲ್ಲಿ ಉಳಿದ ಬಿಯರ್ ಚೆನ್ನಾಗಿದ್ದರೆ, ಅದನ್ನು ಅಂಗಡಿಗಳಿಗೆ ಕಳಿಸದೆ ಶೆಡ್ಡಿನ ಅಂಗಳದಲ್ಲೇ ಸುರಿದು ಕೊಡುತ್ತಾರಂತೆ. ನಾನು ನಲ್ಲಿಯ ಹತ್ತಿರ ನಿಂತು, ಕುಡಿದ ಒಬ್ಬೊಬ್ಬರನ್ನೂ ಹೇಗಿದೆ ಎಂದು ಕೇಳಬೇಕಂತೆ. "ಜನರ ಬಾಯಿ ಬಿಡಿಸೋದು ನಿನಗೆ ಬರುತ್ತೆ" ಎಂದರು.

ಬಾಯಿ ಬಿಡಿಸುವುದು, ನನಗೆ. ಇಷ್ಟು ಕಟುವಾಗಿ ಅಣಕಿಸುತ್ತಾರೆಂದು ಅಂದುಕೊಂಡಿರಲಿಲ್ಲ. ಇದಕ್ಕಿಂತ ಕೆಲಸದಿಂದ ತೆಗೆದಿದ್ದರೂ ಆಗುತ್ತಿತ್ತು.

ಏಪ್ರಿಲ್ 29, ಮಂಗಳವಾರ

ಪೈಪನ್ನು ಹಂಡೆಯಣ್ಣ ಮೂಸಿದರು, ಮೀಸೆ ಮೂಸಿದ, ಯಜಮಾನಿ ಮೂಸಿದರು. ಆಮೇಲೆ ಬಿಯರ್ ಇಳಿಯಿತು. ಮೇಜಿಗೆ ಕೂತೆವು. ಪದ್ಧತಿ ಪದ್ಧತಿಯೇ, ಮೊದಲ ಮಾತು ನನ್ನದೇ.

ಈ ಸಲ ಕಡ ತಂದ ಮಾತು ಇರಲಿಲ್ಲ. ಬಾಯಿಗೆ ಹಾಕಿಕೊಂಡು ನಾಲಿಗೆ ಏನು ಹೇಳುತ್ತದೆಂದು ಕಾದೆ. ಮೂಗಿಲ್ಲದ ಮನೆಯಲ್ಲಿ ನಾಲಿಗೆಯೊಂದೇ ದುಡಿಯುವುದು.

"ಮೊದಲು ಹುಳಿ" ಎಂದೆ. "ಆಮೇಲೆ ಸಿಹಿ ಬರುತ್ತೆ ಅಂತ ಕಾದ್ರೆ ಬರಲ್ಲ, ಒಗರು ಬರುತ್ತೆ. ಕೆನ್ನೆ ಒಳಗಡೆ ಹಿಡಿದು ಎಳೆದ ಹಾಗೆ. ಗುಳ್ಳೆ ಸಣ್ಣದಿದೆ, ಚುಚ್ಚಲ್ಲ. ನುಂಗಿದ ಮೇಲೆ ಇನ್ನೊಂದು ಗುಟುಕು ಬೇಕು ಅನ್ಸುತ್ತೆ. ನನಗೆ ಗೊತ್ತಾಗೋದು ಇಷ್ಟೇ. ವಾಸನೆ ನಿಮ್ಮ ಪಾಡು."

"ಗುಲಾಬಿ" ಎಂದ ಮೀಸೆ.

"ಗುಲಾಬಿ ಎಲ್ಲಿಂದ ಬಂತೋ? ಬೆಂದ ದ್ರಾಕ್ಷಿ" ಎಂದರು ಹಂಡೆಯಣ್ಣ.

"ನಿಮ್ಮ ಹಂಡೆಗೆ ಎಲ್ಲವೂ ಬೆಂದದ್ದೇ!"

"ನಿನ್ನ ಮೀಸೆಗೆ ಹಚ್ಚೋ ಎಣ್ಣೆ ತೊಳ್ಕೊಂಡು ಬಾ, ಆಮೇಲೆ ಗುಲಾಬಿ ಹುಡುಕು!"

ಯಜಮಾನಿ ಇಬ್ಬರನ್ನೂ ಒಪ್ಪಲಿಲ್ಲ, ಹಸಿ ಬಾದಾಮಿ ಎಂದರು. ಮೂವರೂ ಗ್ಲಾಸು ಕೈಯಲ್ಲಿ ಹಿಡಿದು ಜಗಳವಾಡುತ್ತಾ ಅಂಗಳಕ್ಕೆ ಹೋದರು. ಒಬ್ಬರೂ ಇನ್ನೊಬ್ಬರಿಗೆ ತಲೆ ಆಡಿಸಲಿಲ್ಲ. ಮೇಜಿನ ಮೇಲಿದ್ದ ಗ್ಲಾಸನ್ನು ನಾನೇ ಖಾಲಿ ಮಾಡಿದೆ. ಚೆನ್ನಾಗಿತ್ತು. ಇದು ಸಮಾಧಾನವಲ್ಲ.

ಹಳೆಯ ಲೇಬಲ್ ಮೇಲೆ ಇಂಕು ಜೇನು ಎಂದೇ ಇದೆ. ಮೀಸೆ ಅದರ ಕೆಳಗೆ "ಕೃಪೆ: ಬಸ್ ಕಂಡಕ್ಟರ್" ಎಂದು ಮುದ್ರೆ ಒತ್ತುತ್ತಿದ್ದಾನೆ. ಕಂಡಕ್ಟರಿಗೆ ಹೇಳಿದೆ. ಮನೆಯವರನ್ನೆಲ್ಲ ಕರೆದುಕೊಂಡು ಬರುತ್ತಾನಂತೆ.

ಮೇ 3, ಶನಿವಾರ

ಇವತ್ತು ಅಂಗಳದಲ್ಲಿ ಬಿಯರ್. ಮಧ್ಯಾಹ್ನದಿಂದ ಕತ್ತಲಾಗುವ ತನಕ ನಾನು ನಲ್ಲಿಯ ಪಕ್ಕ ನಿಂತು ಅಪರಿಚಿತರನ್ನು ಮಾತಾಡಿಸಬೇಕು. ನನ್ನಂಥ ಪುಕ್ಕಲಿಗೆ ಇದೆಲ್ಲ ಆಗದ ಹೋಗದ ಮಾತು. ಮೂಗೂ ಇನ್ನೂ ವಾಪಸಾಗಿಲ್ಲ. ಮೊನ್ನೆ ಈರುಳ್ಳಿ ಸುಟ್ಟ ವಾಸನೆ ಬಂತೆಂದು ಕುಣಿದಾಡಿ ಅತ್ತಿಗೆಯನ್ನು ಎಬ್ಬಿಸಿದೆ. ಮನೆಯಲ್ಲಿ ಈರುಳ್ಳಿಯೇ ಇರಲಿಲ್ಲ.

ಹೊರಡಲು ಇನ್ನೂ ಹೊತ್ತಿದೆ, ಅದಕ್ಕೇ ಬರೆಯುತ್ತಾ ಕೂತಿದ್ದೇನೆ. ವಿಶೇಷವೇನೂ ಇಲ್ಲ. ಬೆಳಿಗ್ಗೆ ಅತ್ತಿಗೆ ಬ್ರೆಡ್ಡಿಗೆ ಕಳಿಸಿದ್ದಳು. ಬೇಕರಿಯ ಮುಂದೆ ಉದ್ದ ಸಾಲು. ನನ್ನ ಸರದಿ ಬರುವಾಗ ಕೋಟು ಹಾಕಿದ ಎತ್ತರದ ಗಂಡಸೊಬ್ಬರು ಪಕ್ಕದಿಂದ ಬಂದು ನನ್ನ ಮುಂದೆ ತೂರಿಕೊಂಡರು.

"ಸಾಲು ಇದೆ ಸಾರ್, ಹಿಂದೆ ಬನ್ನಿ" ಎಂದೆ.

ಅವರು ಹೋಗಿ ನನ್ನ ಹಿಂದೆ ನಿಂತರು. ಪಾಪ ಎನಿಸಿತು. ಬ್ರೆಡ್ಡು ತಗೊಂಡ ಮೇಲೆ ತಿರುಗಿ ಅವರ ಮೂಗಿಗೆ ಹಿಡಿದು, "ಹೇಗಿದೆ ವಾಸನೆ?" ಎಂದು ಕೇಳಿದೆ. ಬಗ್ಗಿ ಮೂಸಿ, "ನಮ್ಮ ಹಳೇ ಮನೆ ಭಾನುವಾರ" ಎಂದರು. ಬ್ರೆಡ್ಡು ಬಿಸಿಯಿತ್ತು. ಎದೆಗೆ ಒತ್ತಿಕೊಂಡು ಮನೆಗೆ ಬಂದೆ.